ತಂಗಿಯ ಮೊದಲ ಪಗಾರದ ಊಟ

ನನ್ನ ತಂಗಿ ತನ್ನ ಮೊದಲ ಪಗಾರದಲ್ಲಿ ನನಗೆ ಊಟ ಹಾಕಿಸಿದ ಸಂಜೆ, ಆಕೆ ಉಂಡು ಮುಗಿಸುವ ತನಕ ನಾನು ಪಕ್ಕದಲ್ಲಿ ಕೂತಿರಲಿಲ್ಲ. ನಾನು ಮಾಡಬೇಕಾಗಿದ್ದದ್ದು ಅಷ್ಟೇ, ಸುಮ್ಮನೆ ಕೂತಿರುವುದು. ಅದನ್ನು ಮಾಡಲಿಲ್ಲ. ಕೇಳಿದವರಿಗೆ ಇದು ಸಣ್ಣ ಮಾತು ಅನಿಸಬಹುದು. ನನಗೆ ಒಂದು ದಿನವೂ ಹಾಗೆ ಅನಿಸಿಲ್ಲ.

ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅಪ್ಪ ತೀರಿಕೊಂಡ ಮೇಲೆ ತಂಗಿಯ ಓದಿಗಾಗಿ ಶಾಲೆ ಬಿಟ್ಟೆನೆಂದು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಓದು ನನ್ನ ತಲೆಗೆ ಹತ್ತುತ್ತಿರಲಿಲ್ಲ. ಆಕೆಗೆ ಹತ್ತಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು, ಬಿಜಾಪುರದಲ್ಲಿ ಟ್ರೇನಿಂಗ್ ಮುಗಿಸಿದಳು, ಗೊಳಸಂಗಿಯ ಶಾಲೆಗೆ ಅಕ್ಕೋರಾಗಿ ಹೋದಳು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸನ್ನು ಅಕ್ಕೋರು ಅನ್ನುತ್ತಾರೆ. ನಮ್ಮ ಸೀಮೆ ಮುಂಬೈ ಕಡೆಯಿಂದ ಮೈಸೂರು ರಾಜ್ಯಕ್ಕೆ ಸೇರಿ ಆಗ ಮೂರ್ನಾಲ್ಕು ವರ್ಷವಾಗಿತ್ತು. ನಾನು ಮುದ್ದೇಬಿಹಾಳದ ಪೇಟೆಯಲ್ಲಿ ಒಂದು ಅಡತಿ ಅಂಗಡಿಯಲ್ಲಿ ಜೋಳದ ಚೀಲ ತೂಗುತ್ತಿದ್ದೆ.

ನನ್ನ ಎರಡು ಹೊತ್ತಿನ ಊಟ ಪೇಟೆಯ ಹಿಂದಿನ ಓಣಿಯ ಖಾನಾವಳಿಯಲ್ಲಿ. ಅದಕ್ಕೆ ಬೋರ್ಡು ಇರಲಿಲ್ಲ. ಸಗಣಿ ಸಾರಿಸಿದ ಒಂದು ಪಡಸಾಲೆ, ಎದುರುಬದುರು ಗೋಡೆಗೆ ಎರಡು ಸಾಲು ಮಣೆ. ನಡೆಸುವವಳು ಒಬ್ಬ ಮುದುಕಿ, ಎಲ್ಲರೂ ಆಯಿ ಎಂದು ಕರೆಯುತ್ತಿದ್ದೆವು. ರೊಟ್ಟಿ ಬಡಿಯುವವಳೂ ಆಕೆಯೇ, ನೀಡುವವಳೂ ಆಕೆಯೇ. ಒಂದು ಸಾಲಿಗೆ ಕೂತವರು ಕೂಡಿಯೇ ಉಂಡು ಕೂಡಿಯೇ ಏಳಬೇಕು ಎಂಬುದು ಅಲ್ಲಿಯ ಕಟ್ಟಳೆ. ನಡುವೆ ಒಬ್ಬ ಎದ್ದನೆಂದರೆ ಆ ಸಾಲಿನ ಊಟ ಮುಗಿಯಿತು. ಗಂಗಾಳದಲ್ಲಿ ಏನೇ ಉಳಿದಿರಲಿ, ಮಿಕ್ಕವರು ಮತ್ತೆ ತುತ್ತು ಎತ್ತುತ್ತಿರಲಿಲ್ಲ. ನಮ್ಮ ಮನೆಗಳಲ್ಲೂ ಹಾಗೇ ನಡೆಯುತ್ತಿತ್ತು. ಹೆಂಗಸರು ಯಾರಾದರೂ ಬಂದರೆ ಆಯಿ ಅವರನ್ನು ಒಳಗೆ ಒಲೆಯ ಮುಂದೆ ಕೂಡಿಸುತ್ತಿದ್ದಳು.

ತಂಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸಿದ್ದಳು. ಶನಿವಾರ ಶಾಲೆ ಬಿಟ್ಟ ಕೂಡಲೇ ಬರುತ್ತಾಳಂತೆ, ಪಗಾರ ಬಂದಿದೆಯಂತೆ, ಆಯಿಗೆ ಹೋಳಿಗೆ ಮಾಡಲು ಹೇಳಬೇಕಂತೆ. ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದಳು. ಮನೆಯಲ್ಲಿ ನೀವು ಗಂಡಸರು ಉಂಡ ಮೇಲೆ ನಾವು ಉಂಡೆವು, ಒಮ್ಮೆಯಾದರೂ ನಿನ್ನ ಸಾಲಿನಲ್ಲಿ ಕೂತು ಉಣ್ಣಬೇಕು ಅಂತ ಆಸೆ ಇದೆ ಅಣ್ಣಾ ಎಂದು. ಚೀಟಿಯನ್ನು ನಾನು ಆಯಿಗೆ ಓದಿ ಹೇಳಿದೆ, ಆ ಕೊನೆಯ ಮಾತು ಬಿಟ್ಟು.

ಆ ಸಂಜೆ ನನಗೆ ಈಗಲೂ ನೀರಿನೊಳಗೆ ಕಂಡ ಹಾಗೆ ಕಾಣುತ್ತದೆ. ಬೆಳಕಿಂಡಿಯಿಂದ ಬಿದ್ದ ಇಳಿಬಿಸಿಲಿನಲ್ಲಿ ಒಲೆಯ ಹೊಗೆ ನಿಧಾನವಾಗಿ ತಿರುಗುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಬೇರೆ ಯಾವುದೋ ಊರಿನಿಂದ ಬರುತ್ತಿರುವಂತೆ ಇತ್ತು. ತಂಗಿ ಉಟ್ಟ ಸೀರೆ ನೆನಪಿನಲ್ಲಿ ಒಮ್ಮೆ ಹಸಿರು, ಒಮ್ಮೆ ನೀಲಿ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಆಕೆ ನಗುತ್ತ ಹೇಳಿದ್ದಂತೂ ನೆನಪಿದೆ, ಹೋಳಿಗೆಗೆ ಜಾಗ ಬೇಕಲ್ಲ ಎಂದು.

ಆಯಿ ಆಕೆಯನ್ನು ಒಳಗೆ ಕರೆದಳು. ತಂಗಿ ನನ್ನ ಮುಖ ನೋಡಿದಳು. ನಾನು ನನ್ನ ಮಣೆಯ ಮೇಲೆ ಹೋಗಿ ಕೂತೆ.

"ಇಲ್ರಿ ಆಯಿ, ಅಣ್ಣನ ಬಾಜೂಕ ಕೂಡ್ತೇನಿ" ಅಂದಳು ತಾನೇ.

ಆಯಿ ಒಂದು ಗಳಿಗೆ ನಿಂತು, ಇನ್ನೊಂದು ಮಣೆ ಹಾಕಿದಳು. ನಮ್ಮ ಸಾಲಿನಲ್ಲಿ ನಾವಿಬ್ಬರೇ. ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿಪುಡಿ, ಬಿಸಿ ರೊಟ್ಟಿ. ತಂಗಿ ಕಡಿಮೆ ಉಂಡು ಒಲೆಯ ಕಡೆಗೇ ನೋಡುತ್ತಿದ್ದಳು. ಕೊನೆಗೆ ಹೋಳಿಗೆ ಬಂತು. ಆಯಿ ಮೇಲೆ ತುಪ್ಪ ಸುರಿದಳು. ಅದು ಅಂಚಿನವರೆಗೆ ಹರಿದು ನಿಂತಿತು.

ಆಗಲೇ ನನ್ನ ಜೊತೆ ಅಂಗಡಿಯಲ್ಲಿ ದುಡಿಯುವ ಇಬ್ಬರು ಹಮಾಲರು ಬಂದು ಎದುರು ಸಾಲಿಗೆ ಕೂತರು. ತಂಗಿಯನ್ನು ನೋಡಿ ಇಬ್ಬರೂ ಮರ್ಯಾದೆಯಿಂದ ಕೈ ಮುಗಿದರು. ಆಮೇಲೆ ಒಬ್ಬ ನನಗೆ ಅಂದ:

"ಏನಪಾ, ಅಕ್ಕೋರ ಮುಂದ ಗಂಗಾಳ ಬಳದು ಉಣ್ಣು. ಚೆಲ್ಲಿದ್ರ ಬೆಂಚಿನ ಮ್ಯಾಲ ನಿಲ್ಲಸ್ತಾರ ನೋಡು."

ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಯಿ ನಕ್ಕಳು. ತಂಗಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗೆ ನನಗೆ ಚುಚ್ಚಿತು. ಚೀಲ ಹೊತ್ತು ತೂಗುವವ ನಾನು, ಕುರ್ಚಿಯ ಮೇಲೆ ಕೂಡುವವಳು ಆಕೆ, ಇದನ್ನು ಎಲ್ಲರೂ ಕೂಡಿ ನಗುತ್ತಿದ್ದಾರೆ ಎಂದು ತಿಳಿದೆ. ಎದ್ದುಬಿಟ್ಟೆ.

ಆಕೆ ಹೋಳಿಗೆಯ ಮೊದಲ ತುಣುಕು ಮುರಿದು ಕೈಯಲ್ಲಿ ಹಿಡಿದಿದ್ದಳು. ನಾನು ಎದ್ದದ್ದನ್ನು ನೋಡಿ ಅದನ್ನು ಗಂಗಾಳದಲ್ಲಿ ಮೆಲ್ಲಗೆ ಇಟ್ಟಳು. ಆಯಿ ನನ್ನನ್ನು ಕರೆದಳು, ಹೊಳ್ಳಿ ಬಂದು ಕೂಡು, ಆಕೆ ಹಸಿದಾಳ ಎಂದು. ನಾನು ಹಿತ್ತಲ ಬಾಗಿಲಲ್ಲಿ ಕೈ ತೊಳೆಯುತ್ತ, ಕೇಳಿಸದವನಂತೆ ನಿಂತೆ. ಆಯಿ ತಂಗಿಗೆ, ನೀನಾದರೂ ಉಣ್ಣವ್ವ, ನನ್ನ ಖಾನಾವಳಿ, ನಾನೇ ಹೇಳುತ್ತೇನೆ ಅಂದಳು.

"ಬ್ಯಾಡ್ರಿ ಆಯಿ. ಅಣ್ಣ ಎದ್ದನಲ್ರಿ" ಅಂದದ್ದು ಹಿಂದಿನಿಂದ ಕೇಳಿತು.

ಬಸ್ಸಿನವರೆಗೆ ಜೊತೆಗೆ ನಡೆದೆ. ಪೇಟೆಯ ಧೂಳು ಆ ಹೊತ್ತಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಿತ್ತು, ನಮ್ಮಿಬ್ಬರ ನೆರಳು ಉದ್ದಕ್ಕೆ ಮುಂದೆ ಮುಂದೆ ಹೋಗುತ್ತಿತ್ತು. ಬಸ್ಸು ಹತ್ತುವಾಗ ಆಕೆಯೇ ಅಂದಳು, "ಹೊಟ್ಟಿ ತುಂಬೇತಿ ಅಣ್ಣಾ. ನೀ ಚಿಂತಿ ಮಾಡಬ್ಯಾಡ."

ಆಮೇಲೆ ಆಕೆಯನ್ನು ಸಿಂದಗಿಗೆ ಕೊಟ್ಟೆವು. ಮದುವೆ ಮುಂಜಿಗಳಲ್ಲಿ ಕೂಡಿದೆವು, ಬೇರೆ ಬೇರೆ ಸಾಲಿನಲ್ಲಿ ಉಂಡೆವು. ಆಯಿ ಹೋದಳು. ಓಣಿಯಲ್ಲಿ ಆ ಮನೆಯೂ ಈಗ ಇಲ್ಲ. ತಂಗಿ ಆ ಸಂಜೆಯ ಮಾತು ಎಂದೂ ಎತ್ತಲಿಲ್ಲ. ಮರೆತಿರಬಹುದು ಎಂದು ನಾನು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಹೋದ ವರ್ಷ ಆಕೆಯ ಕಣ್ಣಿನ ಪೊರೆ ತೆಗೆಸಿದರು. ನೋಡಲು ಹೋದಾಗ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಮಂಚದ ಅಂಚಿಗೆ ಕೂತೆ. ಕಾಲಸಪ್ಪಳದಿಂದಲೇ ನನ್ನ ಗುರುತು ಹಿಡಿದು, ಯಾಕೆ ಸುಮ್ಮನೆ ಕೂತಿ, ಏನಾದರೂ ಹೇಳು ಅಂದಳು. ಆಕೆ ನನ್ನ ಮುಖ ನೋಡುತ್ತಿರಲಿಲ್ಲ, ಅದಕ್ಕೇ ಬಾಯಿ ಬಂತೇನೋ.

"ತಂಗಿ, ಆಯಿ ಖಾನಾವಳ್ಯಾಗ ನಿನ್ನ ಬಿಟ್ಟು ಎದ್ದೆ. ಕರದ್ರೂ ಹೊಳ್ಳಿ ಬರಲಿಲ್ಲ. ಮಂದಿಗೆ ಅಂಜಿ ಅಲ್ಲವ್ವ, ಹೊಟ್ಟಿಕಿಚ್ಚಿಗೆ ಎದ್ದೆ. ನಿನ್ನ ಅರಹೊಟ್ಟಿಲೆ ಕಳಿಸಿದೆ. ತಪ್ಪಾತು, ನನ್ನ ಕ್ಷಮಾ ಮಾಡು."