ಐದನೆಯ ಮುತ್ತೈದೆ

ಹೊಸ ರಟ್ಟಿನ ಡಬ್ಬಿಗಳ ವಾಸನೆ ನಿಮಗೆ ಹೇಗನಿಸುತ್ತದೋ, ನನಗಂತೂ ಅದು ಊರು ಬಿಡುವ ವಾಸನೆ. ಸೇಡಂ ರಸ್ತೆಯ ನಮ್ಮ ಮನೆಯ ಪಡಸಾಲೆಯ ತುಂಬ ಇವತ್ತು ಅವೇ. ಯಜಮಾನರಿಗೆ ಮತ್ತೆ ವರ್ಗವಾಗಿದೆ. ಪಗಾರ ಹೆಚ್ಚು, ಮನೆ ದೊಡ್ಡದು, ಕಾರು ಹೊಸದು. ಬೆಳಗಿನಿಂದ ಒಂದು ಡಬ್ಬಿ ತುಂಬುತ್ತೇನೆ, ಬಿಚ್ಚುತ್ತೇನೆ, ಕಿಟಕಿಗೆ ಹೋಗಿ ನಿಲ್ಲುತ್ತೇನೆ. ಪಕ್ಕದ ಮನೆಯ ಶಾಂತಾಬಾಯಿಗೆ ಇನ್ನೂ ಸುದ್ದಿ ಹೇಳಿಲ್ಲ.

ಹೇಳದೆ ಹೋಗುವ ವಿದ್ಯೆ ನನಗೆ ಅವ್ವನಿಂದ ಬಂದದ್ದು. ಅಪ್ಪ ದೊಡ್ಡ ಕಂಪನಿಯೊಂದರಲ್ಲಿ ಸೇತುವೆ ಕಟ್ಟಿಸುವ ಎಂಜಿನಿಯರ್. ಒಂದು ಸೇತುವೆ ಮುಗಿದರೆ ಒಂದು ಊರು ಮುಗಿಯಿತು. ಮೊದಲ ಸಲ ಊರು ಬಿಟ್ಟಾಗ ಓಣಿಯ ಹೆಂಗಸರೆಲ್ಲ ಅವ್ವನನ್ನು ತಬ್ಬಿಕೊಂಡು ಅತ್ತರಂತೆ. ಹೊಸ ಊರಿಗೆ ಹೋಗಿ ಅವಳು ಎಂಟು ದಿನ ಜ್ವರ ಬಂದು ಮಲಗಿದಳಂತೆ. ಆಮೇಲೆ ಅವಳೊಂದು ಉಪಾಯ ಕಂಡುಕೊಂಡಳು. ನಾಲ್ಕು ದಿನ ಊರಿಗೆ ಹೋಗಿ ಬರುತ್ತೇವೆ ಎಂದು ನೆರೆಯವರಿಗೆ ನಗುತ್ತ ಹೇಳಿ ಕಾರು ಹತ್ತುವುದು. ಸಾಮಾನು ಒಯ್ಯಲು ಕಂಪನಿಯ ಆಳುಗಳು ಆಮೇಲೆ ಬರುವರು. ನಾವು ಮಕ್ಕಳೂ ಅದನ್ನೇ ಹೇಳಬೇಕು. ಮಗ್ಗಿ ಬಾರದ ನನಗೆ ಈ ಸುಳ್ಳು ಮಾತ್ರ ಸರಾಗವಾಗಿ ಬರುತ್ತಿತ್ತು.

ಕಮಲಾಪುರದಲ್ಲಿ ಎರಡು ವರ್ಷ ಇದ್ದೆವು. ಪಕ್ಕದಲ್ಲಿ ಅರ್ಚಕರ ಮನೆಯ ಸಿಂಧೂಬಾಯಿ. ಅವ್ವನಿಗೂ ಅವರಿಗೂ ಎಷ್ಟು ಬಳಕೆಯೆಂದರೆ, ಇವತ್ತಿನ ಸಾರು ಯಾವ ಮನೆಯದು ಎಂದು ಅಪ್ಪ ಊಟಕ್ಕೆ ಕೂತು ಕೇಳುತ್ತಿದ್ದರು. ಅವರಿಗೂ ನಾಲ್ಕು ದಿನವೆಂದೇ ಹೇಳಿ ಬಂದೆವು.

ಆರು ವರ್ಷದ ಮೇಲೆ ಕಲಬುರ್ಗಿಯಲ್ಲಿ ಅಕ್ಕನ ಮದುವೆ. ಮಂಗಲ ಕಾರ್ಯಾಲಯ, ಅಡಿಗೆಯವರು, ವಾದ್ಯದವರು, ಎಲ್ಲರನ್ನೂ ಅಪ್ಪ ಒಂದೇ ದಿನದಲ್ಲಿ ಗೊತ್ತು ಮಾಡಿದರು. ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಐವರು ಮುತ್ತೈದೆಯರು ಬೇಕು. ಅವ್ವ, ಇಬ್ಬರು ಅತ್ತೆಯರು, ಒಬ್ಬ ಚಿಕ್ಕಮ್ಮ. ಐದನೆಯ ಬೆರಳು ಮಡಿಸಲು ಅವ್ವನಿಗೆ ಹೆಸರೇ ಸಿಗಲಿಲ್ಲ. ಏಳು ಊರಿನ ನೀರು ಕುಡಿದವಳು! ಕೊನೆಗೆ ನನ್ನನ್ನು ಕಾರಿನಲ್ಲಿ ಕಮಲಾಪುರಕ್ಕೆ ಕಳಿಸಿದಳು.

ಸಿಂಧೂಬಾಯಿ ಗುರುತು ಹಿಡಿದರು, ಕೂಡಿಸಿದರು, ಅವಲಕ್ಕಿ ಕೊಟ್ಟರು. ಆರು ವರ್ಷದ ಹಿಂದೆ, ನಾವು ಹೋದ ಮೇಲೆ, ನಮ್ಮ ಸಾಮಾನು ಹೊರತರುತ್ತಿದ್ದ ಆಳುಗಳನ್ನು ಕಳ್ಳರೆಂದು ತಿಳಿದು, ಓಣಿಯನ್ನೇ ಕೂಡಿಸಿ ತಡೆದಿದ್ದರಂತೆ. ವಿಷಯ ತಿಳಿದ ಮೇಲೆ ಎಲ್ಲರೂ ಅವರನ್ನೇ ನೋಡಿ ನಕ್ಕರಂತೆ. ನಾನು ಲಗ್ನಪತ್ರಿಕೆ ಕೈಗಿಟ್ಟೆ. ಅದನ್ನು ಕಣ್ಣಿಗೊತ್ತಿಕೊಂಡು ಅವರು ಅಂದರು:

"ನಾ ಬರೂದಿಲ್ಲ ತಂಗಿ. ನಿಮ್ಮ ಅವ್ವನ ಮ್ಯಾಲ ಸಿಟ್ಟಿಲ್ಲ, ಹೇಳು. ಮತ್ತೊಮ್ಮೆ ಹಚ್ಚಿಕೊಳ್ಳೂದು ನನ್ನ ಕೈಲೆ ಆಗೂದಿಲ್ಲ."

ತಿರುಗಿ ಬರುವಾಗ ದಾರಿಯುದ್ದಕ್ಕೂ ಸುಳ್ಳು ಹೊಂದಿಸಿದೆ. ಜ್ವರ ಅನ್ನಲೇ, ಸೂತಕ ಅನ್ನಲೇ? ಅವ್ವನ ಮುಖ ನೋಡಿದ್ದೇ ಬಾಯಿಂದ ನಿಜವೇ ಬಂತು. ಶಾಸ್ತ್ರದ ದಿನ ಅಪ್ಪನ ಆಫೀಸಿನ ಯಾರದೋ ಹೆಂಡತಿ ಬಂದು, ಎರಡು ಸಲ ಒನಕೆ ಎತ್ತಿಳಿಸಿ ಗಡಿಯಾರ ನೋಡಿಕೊಂಡರು. ಅವ್ವ ಒಳಗೆ ಹೋಗಿ ಸಂಕಟ ತಡೆಯದೆ ಅತ್ತಳು. ಸಿಂಧೂಬಾಯಿ ಬಾಯಿ ತುಂಬ ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಇಷ್ಟು ಕಂಡೂ ನಾನು ಬುದ್ಧಿ ಕಲಿತೆನೆಂದು ತಿಳಿಯಬೇಡಿ. ಮದುವೆಯಾದ ಮೇಲೆ ನಾಲ್ಕು ಊರುಗಳಿಂದ ಹೀಗೆಯೇ ನಗುತ್ತ ಜಾರಿಕೊಂಡೆ.

ಇಷ್ಟು ಬರೆದು, ಕೂತಲ್ಲಿ ಕೂಡಲಾಗದೆ ಎದ್ದು ಪಕ್ಕದ ಮನೆಗೆ ಹೋದೆ. ಶಾಂತಾಬಾಯಿ ತೊಗರಿಬೇಳೆ ಆರಿಸುತ್ತಿದ್ದರು. ಊರು ಬಿಡುತ್ತಿದ್ದೇವೆ, ತಿರುಗಿ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಯಾವಾಗ ಗೊತ್ತಾತು ನಿಮಗ?"

"ತಿಂಗಳಾತ್ರೀ."

ಅವರು ಮೊರ ಬದಿಗೆ ಸರಿಸಿದರು. ಆಮೇಲೆ ಶುರುವಾಯಿತು ನೋಡಿ. ತಿಂಗಳಿಡೀ ನಮ್ಮ ಮನೆಯ ಚಹಾ ಕುಡಿದು ಬಾಯಿ ಬಿಡಲಿಲ್ಲವಲ್ಲ, ನಾನೇನು ನಿಮಗೆ ಯಾರೂ ಅಲ್ಲವೇ ಎಂದು ಅಳುತ್ತ ಬೈದರು, ಬೈಯುತ್ತ ಅತ್ತರು. ನಾನೂ ಅಳುತ್ತ, ಎದುರಿಗೆ ಕೂತು ಒಂದು ತಾಸು ಬೈಸಿಕೊಂಡೆ. ಇಷ್ಟು ಊರು ಬಿಟ್ಟಿದ್ದೇನೆ. ಹೋಗುವ ಮುಂಚೆ ನನ್ನನ್ನು ಬೈದವರು ಇವರೊಬ್ಬರೇ.