ಶೇಂಗಾಗೆ ಸ್ಟೇ ಕಲಿಸಿದ ಬೇಸಿಗೆ

ಆಗಿನ್ನೂ ನಾವಿದ್ದ ಬೆರ್ರಿಯೆಸಾ ಬಡಾವಣೆಗೆ ರೈಲು ಬಂದಿರಲಿಲ್ಲ. ಬೇಸಿಗೆ ರಜೆಯೆಂದರೆ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟಿನಲ್ಲಿ ಸೈಕಲ್ಲು, ಬಿಸಿಯೇರಿದ ಡಾಂಬರಿನ ವಾಸನೆ, ನಾಲಿಗೆ ನೀಲಿ ಮಾಡುವ ಐಸ್ ಕ್ಯಾಂಡಿ. ನನಗೆ ಹತ್ತಾದ ವರ್ಷ ಮಾತ್ರ ಇದೆಲ್ಲ ಬಿಟ್ಟು ಒಂದೇ ಕೆಲಸಕ್ಕೆ ಬಿದ್ದಿದ್ದೆ: ನಮ್ಮ ನಾಯಿಗೆ ‘ಸ್ಟೇ’ ಕಲಿಸುವುದು.

ನಾಯಿಯ ಹೆಸರು ಶೇಂಗಾ. ಹುರಿದ ಶೇಂಗಾದ ಬಣ್ಣವೆಂದು ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿ ಇಟ್ಟ ಹೆಸರು. ಬಾಗಿಲು ತೆರೆದರೆ ಸಾಕು, ಓಟ ಕೀಳುತ್ತಿತ್ತು. ಒಮ್ಮೆ ಕಾರಿನಡಿ ಸಿಕ್ಕುವುದರಲ್ಲಿತ್ತು. ಇನ್ನೊಮ್ಮೆ ಪಕ್ಕದ ಮನೆಯ ಮುದುಕಿಯ ಗ್ರೋಸರಿ ಚೀಲ ಕೆಡವಿತು. ಅಪಾರ್ಟ್‌ಮೆಂಟಿನ ಮ್ಯಾನೇಜರು ಬಂದು, ಮತ್ತೊಂದು ಸಲ ಹೀಗಾದರೆ ನಾಯಿ ಇಲ್ಲಿರುವಂತಿಲ್ಲ ಎಂದು ಹೇಳಿಹೋದ. ಸ್ಟೇ ಕಲಿತರೆ ಶೇಂಗಾ ನಮ್ಮದು, ಇಲ್ಲದಿದ್ದರೆ ಇಲ್ಲ.

ಪಾರ್ಕಿನಲ್ಲಿ ನಾಯಿಗಳಿಗೆ ಪಾಠ ಹೇಳುವ ಹೆಂಗಸು ತೋರಿಸಿಕೊಟ್ಟದ್ದು ಸುಲಭವಾಗಿತ್ತು. ನಾಯಿಯನ್ನು ಕೂರಿಸಿ, ತಿನಿಸು ತೋರಿಸಿ, ಅಂಗೈ ಅಡ್ಡ ಹಿಡಿದು ‘ಸ್ಟೇ’ ಅನ್ನಬೇಕು. ಕದಲದೆ ಕೂತರೆ ತಿನಿಸು, ಎದ್ದರೆ ಇಲ್ಲ. ನಡುವೆ ಬೇರೆ ಯಾರೂ ಏನೂ ಕೊಡಕೂಡದು.

ಕಷ್ಟ ಶುರುವಾದದ್ದೇ ಅಲ್ಲಿ. ನಾನು ನಡುಮನೆಯಲ್ಲಿ ಚೀಸಿನ ತುಣುಕು ಹಿಡಿದು ನಿಂತರೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತಿತ್ತು.

“ತಿನ್ನೂದು ತೋರಿಸಿ ಕೊಡದ ನಿಂತೀಯಲ್ಲ, ಕರುಳು ಅನ್ನೂದು ಐತೋ ಇಲ್ಲೋ ನಿನಗ? ಬಾರೋ ನನ್ನಪ್ಪಾ!”

ಅಜ್ಜಿ ಕರೆದದ್ದೇ ತಡ, ಬಿಸಿ ರೊಟ್ಟಿಯ ಮೊದಲ ತುಂಡು ಶೇಂಗಾದ ಬಾಯಲ್ಲಿ. ನನ್ನ ಪಾಠವೆಲ್ಲ ನೀರಿನಲ್ಲಿ ಹೋಮ.

ಅಮ್ಮನಿಗೆ ದೂರಿದೆ. “ನಾನು ಹೇಳಿದ್ರೆ ಚೆನ್ನಾಗಿರಲ್ಲ ಪುಟ್ಟಿ, ಅಪ್ಪಂಗೆ ಹೇಳು.” ಅಪ್ಪನಿಗೆ ದೂರಿದೆ. “ಅವ್ವಗ ಹೇಳಾವ್ರು ಯಾರು? ನೀನ ಮುದ್ದಿನ ಮೊಮ್ಮಗಳು, ನೀನ ಹೇಳು” ಎಂದು ಲ್ಯಾಪ್‌ಟಾಪಿನ ಕಡೆ ತಿರುಗಿದ.

ಕೊನೆಗೆ ಅಜ್ಜಿಯೆದುರು ಅತ್ತೇಬಿಟ್ಟೆ. “ಅಜ್ಜಿ, ನೀ ಕೊಟ್ಟರ ಅದು ಕಲಿಯಂಗಿಲ್ಲ. ಕಳಿಸಿಬಿಡ್ತಾರ.”

“ಅಳಬ್ಯಾಡವಾ, ಕೊಡಂಗಿಲ್ಲ” ಅಂದಳು ಅಜ್ಜಿ.

ಅಂದು ಮಧ್ಯಾಹ್ನ ಶೇಂಗಾ ಅವಳ ಎದುರು ಕೂತು ಅವಳನ್ನೇ ನೋಡಿತು. ಅಜ್ಜಿ ತುತ್ತು ಎತ್ತಿದಳು, ಇಳಿಸಿದಳು. ಹಸಿದ ಕಣ್ಣಿನೆದುರು ಉಣ್ಣುವುದು ಅವಳಿಂದ ಜನ್ಮದಲ್ಲಿ ಆಗದ ಕೆಲಸ. ನಾಯಿಯನ್ನು ಕೋಣೆಗೆ ಹಾಕಿದೆ. ಅದು ಒಳಗಿದೆಯೆಂದು ಅವಳಿಗೆ ಗೊತ್ತಿತ್ತಲ್ಲ, ಆಗಲೂ ಉಣ್ಣಲಿಲ್ಲ. ಸಂಜೆಯ ಹೊತ್ತಿಗೆ ಅವಳ ಮುಖ ಬಾಡಿತ್ತು. ಶೇಂಗಾ ಉಳಿಯಬೇಕು, ಅಜ್ಜಿಯೂ ಉಣ್ಣಬೇಕು. ಎರಡೂ ಒಟ್ಟಿಗೆ ಆಗುವುದು ನನ್ನ ಕೈಯಲ್ಲಿರಲಿಲ್ಲ. ಕಡೆಗೆ ನಾನೇ ರೊಟ್ಟಿ ಮುರಿದು ಅವಳ ಕೈಗಿಟ್ಟೆ. “ಕೊಡಜ್ಜಿ” ಅಂದೆ.

ಮುಂದಿನ ವಾರ ಪಿಜ್ಜಾ ತಂದವನಿಗೆ ಅಮ್ಮ ಬಾಗಿಲು ತೆರೆದಳು. ಶೇಂಗಾ ಅವನ ಕಾಲಸಂದಿಯಲ್ಲಿ ನುಸುಳಿ ಓಡಿತು. ಸ್ಟೇ, ಸ್ಟೇ ಎಂದು ಗಂಟಲು ಹರಿಯುವಂತೆ ಕೂಗಿದೆ. ಮ್ಯಾನೇಜರು ತನ್ನ ಆಫೀಸಿನ ಬಾಗಿಲಲ್ಲೇ ನೋಡುತ್ತ ನಿಂತಿದ್ದ.

ಪಕ್ಕದೂರು ಫ್ರೀಮಾಂಟಿನಲ್ಲಿ ಅಪ್ಪನ ಸ್ನೇಹಿತರೊಬ್ಬರ ಮನೆಗೆ ದೊಡ್ಡ ಹಿತ್ತಲಿತ್ತು. ಶೇಂಗಾವನ್ನು ಅಲ್ಲಿ ಬಿಟ್ಟು ನಾವು ಕಾರು ಹತ್ತಿದೆವು. ಯಾರೋ ಗೇಟು ಸರಿಯಾಗಿ ಹಾಕಿರಲಿಲ್ಲ. ನಾವು ಹೊರಟದ್ದೇ ಅದು ಹಿಂದೆ ಓಡಿಬಂತು. ರಸ್ತೆಯಲ್ಲಿ ವಾಹನಗಳಿದ್ದವು. ಗಾಬರಿಯಿಂದ ಕಿಟಕಿಯಾಚೆ ಅಂಗೈ ಚಾಚಿ ‘ಸ್ಟೇ’ ಅಂದೆ.

ನಿಂತಿತು. ರಸ್ತೆಯಂಚಿನಲ್ಲಿ ಕೂತೇಬಿಟ್ಟಿತು. ನನ್ನ ಕೈಯಲ್ಲಿ ತಿನಿಸೇನೂ ಇರಲಿಲ್ಲ. ಅಪ್ಪನ ಸ್ನೇಹಿತರು ಬಂದು ಕೊರಳಪಟ್ಟಿ ಹಿಡಿದರೂ, ನಮ್ಮ ಕಾರು ತಿರುವು ದಾಟುವವರೆಗೂ ಅದು ಕದಲಲಿಲ್ಲ.

“ಕಲ್ತಿತ್ತಲ್ಲವಾ ಅದು” ಎಂದು ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಜ್ಜಿ ತೀರಿಕೊಂಡು ವರ್ಷಗಳಾದವು. ಈಗ ಸಾಂಟಾ ಕ್ಲಾರಾದ ನನ್ನ ಮನೆಯಲ್ಲಿ ಇನ್ನೊಂದು ನಾಯಿಯಿದೆ. ಸ್ಟೇ ಅಂದರೆ ಸಾಕು, ಬಟ್ಟಲು ತುಂಬಿದ್ದರೂ ಮುಟ್ಟುವುದಿಲ್ಲ. ಬಂದವರೆಲ್ಲ ಹೊಗಳುತ್ತಾರೆ. ಅದು ನೋಡುತ್ತ ಕೂತಿರುತ್ತದೆ, ನಾವು ಹರಟುತ್ತ ಉಣ್ಣುತ್ತೇವೆ. ಯಾರ ಗಂಟಲಲ್ಲೂ ತುತ್ತು ಸಿಕ್ಕಿಕೊಳ್ಳುವುದಿಲ್ಲ.