ಕಸದ ಗಾಡಿಗೆ ಹೋದ ತಾಳಿಗುಂಡು

ನನ್ನ ಮಗ ಸುರೇಂದ್ರ ಗಂಜಾಂನಲ್ಲಿ ಚಿನ್ನದ ಕೆಲಸ ಮಾಡ್ತಾನೆ. ಅವನದು ಮಾತು ಕಮ್ಮಿ. ಮೊಮ್ಮಗಳ ಕಾಲೇಜಿನ ಗೆಳತಿ ಯಶಸ್ವಿನಿ ಕೋಟೆ ನೋಡೋಕೆ ನಾಗಮಂಗಲದಿಂದ ಬಂದು, ಶನಿವಾರ ನಮ್ಮನೇಲೇ ಉಳಿದಿದ್ದಳು. ಭಾನುವಾರ ಬೆಳಿಗ್ಗೆ ನಾನು ಪೂಜೆಗೆ ಕೂತಾಗ, ಆ ಮಗು ಉಪಕಾರ ಆಗಲಿ ಅಂತ ಕೆಲಸದ ಕೋಣೆ ಗುಡಿಸಿ ಧೂಳನ್ನೆಲ್ಲ ಕಸದ ಗಾಡಿಗೆ ಸುರಿದುಬುಟ್ಟಳು.

ಅಕ್ಕಸಾಲಿಗರ ಮನೇಲಿ ಆ ಧೂಳು ಆಚೆ ಹಾಕಲ್ಲ. ಅದರಲ್ಲಿ ಚಿನ್ನದ ಪುಡಿ ಇರ್ತದೆ, ಡಬ್ಬೀಲಿ ಕೂಡಿಟ್ಟು, ತೊಳೆದು ಚಿನ್ನ ತೆಗೀತೀವಿ. ಅವತ್ತು ನಮ್ಮ ಗಿರಾಕಿ ಪುಟ್ಟಗೌರಮ್ಮ ಪೋಣಿಸೋಕೆ ಕೊಟ್ಟಿದ್ದ ತಮ್ಮ ತಾಳಿಯ ಒಂದು ಗುಂಡೂ ಅದರಲ್ಲಿತ್ತು. ಹಿಂದಿನ ಸಂಜೆ ಜಾರಿ ಬಿದ್ದಿತ್ತು, ಬೆಳಕಲ್ಲಿ ಹುಡುಕೋಣ ಅಂತ ಮಗ ಬಿಟ್ಟಿದ್ದ. ಹತ್ತು ಗಂಟೆಗೆ ಆಯಮ್ಮ ತಾಳಿ ಒಯ್ಯೋಕೆ ಬರೋರಿದ್ದರು.

ಸುರೇಂದ್ರ ಓಡಿ, ಮೂರನೇ ಬೀದೀಲಿ ಗಾಡಿ ನಿಲ್ಲಿಸಿದ. ಕಸ ಮನೆಗೆ ತಂದು ಗೋಣಿತಾಟಿನ ಮೇಲೆ ಸುರಕೊಂಡು ನಾನು, ಅವನು, ಯಶಸ್ವಿನಿ ಮೂವರೂ ಕೂತೆವು. ಹುಡುಗಿ ಅಳ್ತಿದ್ದಳು.

"ಅಳಬೇಡ ಕಣವ್ವ, ಧೂಳು ಒದ್ದೆಯಾದ್ರೆ ಗುಂಡು ಕಾಣಕಿಲ್ಲ" ಅಂದ.

ಹತ್ತಕ್ಕೆ ಕಾಲು ಗಂಟೆ ಇರುವಾಗ ಒಂದು ಕೂದಲ ಉಂಡೇಲಿ ಗುಂಡು ಸಿಕ್ತು.

"ಕಸದಲ್ಲಿತ್ತು ಅಂತ ಹೇಳಬೇಡ ಕಣ್ಲಾ, ಅವ್ರು ಮುಟ್ಟಲ್ಲ" ಅಂದೆ.

ಪುಟ್ಟಗೌರಮ್ಮ ಬಂದಾಗ ಅವನು ಎಲ್ಲಾನೂ ಹೇಳಿದ.

"ನನ್ನ ಮುಂದೇನೇ ಬೆಂಕಿಗಿಟ್ಟು, ತೊಳ್ದು ಪೋಣ್ಸಪ್ಪ" ಅಂತ ಆಯಮ್ಮ ಚಾಪೆ ಮೇಲೆ ಕೂತರು.